ಅಕ್ಕನ ಪಾಲಿನ ಸೇತುವೆ

ಹೋದ ವಾರ ಬನಹಟ್ಟಿಯ ಅಕ್ಕನ ಮನೆಯಲ್ಲಿ ಚಹಾ ಕುಡಿಯುತ್ತ ಕೂತವನು ಒಂದು ರೈಲು ಸೇತುವೆಯನ್ನೇ ಕಳೆದುಕೊಂಡು ಬಂದೆ.

ನಗಬೇಡಿ. ಈ ವಯಸ್ಸಿನಲ್ಲಿ ಕಳೆದುಕೊಳ್ಳಲು ಕನ್ನಡಕ, ಚಾವಿ ಇಷ್ಟೇ ಉಳಿದಿವೆ ಎಂದು ನಾನೂ ತಿಳಿದಿದ್ದೆ.

ಆದದ್ದು ಇಷ್ಟು. ಜಮಖಂಡಿಯ ಪರಿಚಿತ ಪ್ರಾಧ್ಯಾಪಕರೊಬ್ಬರು ಹಳೆಯ ಮಗ್ಗ, ಹಳೆಯ ಗಿರಣಿ, ಹಳೆಯ ಸೇತುವೆಗಳ ಫೋಟೊ ಪ್ರದರ್ಶನ ಇಡುತ್ತಿದ್ದಾರೆ. "ಕುಡಚಿ ಹತ್ರ ಕೃಷ್ಣಾ ಮ್ಯಾಲಿನ ರೈಲ್ವೆ ಬ್ರಿಜ್ ಬಗ್ಗೆ ಫೋಟೊದ ಬಾಜೂಕಿನ ಬೋರ್ಡಿಗೆ ನಾಕು ಸಾಲು ಬರದ್ ಕೊಡ್ರಿ. ಸ್ವಲ್ಪ ಫೀಲಿಂಗ್ ಇರ್ಲಿ" ಎಂದರು. (ಕಲ್ಲು ಕಬ್ಬಿಣಕ್ಕೆ ಫೀಲಿಂಗ್ ಹಚ್ಚುವುದೇ ಈಗ ನಮ್ಮ ಕಸುಬು.) ನಮ್ಮ ಊರುಗಳಿಗೆ ರೈಲು ಇನ್ನೂ ಬರುತ್ತಲೇ ಇದೆ, ಬಂದು ಮುಟ್ಟಿಲ್ಲ. ಹಾಗಾಗಿ ನಮಗೆ ರೈಲೆಂದರೆ ಕುಡಚಿ. ಇಲ್ಲಿ ನೇಯ್ದ ಸೀರೆಯ ಗಂಟುಗಳು ಮಹಾರಾಷ್ಟ್ರ ಕಂಡದ್ದೂ ಆ ಸೇತುವೆ ದಾಟಿಯೇ.

ಬರೆದೆ. ನಾನು ಚಿಕ್ಕವನಿದ್ದಾಗ ಹೊಟ್ಟೆಯ ಆಪರೇಶನ್ನಿಗೆಂದು ಅಪ್ಪ ರೈಲಿನಲ್ಲಿ ಕರೆದೊಯ್ದದ್ದು. ಸೇತುವೆ ಬಂದಾಗ ಉಳಿದವರು ನದಿಗೆ ನಾಣ್ಯ ಎಸೆದರೆ, ನೇಕಾರನಾದ ಅಪ್ಪ ಮಗ್ಗದಿಂದ ತಂದಿದ್ದ ಕೆಂಪು ನೂಲಿನ ಲಡಿ ಎಸೆದು ಕೈಮುಗಿದದ್ದು. ಆ ನೂಲು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಇಳಿದದ್ದು.

ಚೆನ್ನಾಗಿತ್ತು. ಅನುಮಾನ ಬರುವಷ್ಟು ಚೆನ್ನಾಗಿತ್ತು.

ಅಕ್ಕನಿಗೆ ಓದಿ ಹೇಳಿದೆ. ಅವಳು ಚಹಾದ ಬಸಿ ಕೆಳಗಿಟ್ಟಳು.

"ಅಪ್ಪ ಕರ್ಕೊಂಡು ಹೋಗಿದ್ದು ನನ್ನ. ಜ್ವರ ಇಳೀಲಾರದಾಗ, ಮಿರಜ್ ದವಾಖಾನಿಗೆ."

"ಮತ್ತ ನನ್ನ ಆಪರೇಶನ್?"

"ನಿಂದು ಬೆಳಗಾಂವದಾಗ ಆತಲ್ಲೋ ಶ್ಯಾಣ್ಯಾ! ಕುಡಚಿಯಿಂದ ಬೆಳಗಾಂವಿಗೆ ಹೋಗಾಕ ಕೃಷ್ಣಾ ಎಲ್ಲಿ ದಾಟ್ತಿ? ಗಾಡಿ ಆ ಕಡಿ ಮುಖಾನ ಮಾಡಂಗಿಲ್ಲ."

ಫೋನಿನಲ್ಲಿ ಮ್ಯಾಪ್ ತೆಗೆದೆ. ಸೇತುವೆ ಮಿರಜಿನ ದಿಕ್ಕಿಗೆ. ಬೆಳಗಾವಿಯ ಗಾಡಿ ಅದಕ್ಕೆ ಬೆನ್ನು ಹಾಕಿ ಹೊರಡುತ್ತದೆ. ಜೀವಮಾನವೆಲ್ಲ ಅದೇ ಸ್ಟೇಶನ್ನಿಗೆ ಹೋಗಿ ಬಂದವನಿಗೆ ಇದು ಹೊಳೆಯಲಿಲ್ಲವೇ?

"ಹಂಗಾರ ನಾ ಘಟಪ್ರಭಾ ಹೊಳಿ ನೋಡಿರಬೇಕು."

"ನೋಡಿರಬಹುದು. ನೂಲು ಅಲ್ಲಿ ಬಿದ್ದಿಲ್ಲ."

ಹಾಗಾದರೆ ಆ ಕೆಂಪು ನೂಲು ನನ್ನ ಕಣ್ಣಿಗೆ ಬಂದದ್ದೆಲ್ಲಿಂದ? ಅದೂ ಅಕ್ಕನಿಂದಲೇ. ನಾನು ಶಾಲೆಯ ಪಾಠ ಬರೆಯುತ್ತ ಕೂತಿರುತ್ತಿದ್ದೆ. ಶಾಲೆ ಬಿಡಿಸಿದ್ದ ಅಕ್ಕ ರಾಟೆಯ ಮುಂದೆ ಮಗ್ಗಕ್ಕೆ ನೂಲು ಸುತ್ತುತ್ತ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ಕಿಟಕಿಯ ಸೀಟು ನಾನೇ ಹಿಡಿದುಬಿಟ್ಟಿದ್ದೇನೆ.

"ಹೋಗ್ಲಿ ಬಿಡ ಅಕ್ಕಾ. ಯಾರಾದ್ರೇನು, ಅಪ್ಪ ಇಬ್ಬರಿಗೂ ಅಪ್ಪನ" ಎಂದೆ. ಆಡಬಾರದ ಮಾತು.

"ಸಾಲಿ ನಿನಗ ಕೊಟ್ಟ. ಮನಿ ನಿನಗ ಕೊಟ್ಟ. ನಾ ಒಂದ್ ಮಾತು ಆಡ್ಲಿಲ್ಲ. ನಾ ಉಳೀಲಿ ಅಂತ ಅಂವ ಕೈ ಮುಗದಿದ್ದು ಅದೊಂದ ಸಲ. ಅದನ್ನೂ ನಿನ್ನ ಹೆಸರ್ಲೆ ಬೋರ್ಡಿಗೆ ಬರಸ್ತೀಯೇನು?"

ಚಹಾ ಆರಿಹೋಗಿತ್ತು.

ಅವಳ ನೆನಪಾದರೂ ಪೂರ್ತಿ ಖರೆಯೇ? ಜ್ವರದ ಹುಡುಗಿಗೆ ನೂಲಿನ ಬಣ್ಣ ಕಂಡಿತ್ತೇ? ನೆನಪುಗಳನ್ನು ನಂಬುವುದು ಬಿಟ್ಟು ಬಹಳ ಕಾಲವಾಯಿತು; ಕೇಳಬಹುದಿತ್ತು. ಕೇಳಲಿಲ್ಲ. ಸಾಕಾಗಿತ್ತು. (ದಣಿವೂ ಕೆಲವೊಮ್ಮೆ ಮರ್ಯಾದೆಯ ಕೆಲಸ ಮಾಡುತ್ತದೆ.)

'ನಾನು' ಇದ್ದಲ್ಲೆಲ್ಲ 'ನನ್ನ ಅಕ್ಕ' ಎಂದು ತಿದ್ದಿ ಕಳಿಸಿದೆ. ಪ್ರಾಧ್ಯಾಪಕರ ಫೋನ್ ಬಂತು.

"ಛಲೋ ಐತ್ರಿ ಸರ್. ಆದ್ರ ನಿಮ್ಮದ ಅನುಭವ ಅಂದ್ರ ತೂಕ ಬರ್ತಿತ್ತು. 'ನಾನು' ಅಂತ ಮಾಡೂಣೇನ್ರಿ? ಯಾರಿಗೆ ಗೊತ್ತಾಗ್ತೈತಿ?"

"ಬನಹಟ್ಟ್ಯಾಗ ಒಬ್ಬಾಕಿಗೆ ಗೊತ್ತಾಗ್ತೈತ್ರಿ" ಎಂದೆ.

ಮನೆ ಬರೆಸಿಕೊಳ್ಳುವಾಗ ಅಕ್ಕತಂಗಿಯರ ಸಹಿಯನ್ನಾದರೂ ಕೇಳುತ್ತೇವೆ. ನೆನಪು ಬರೆದುಕೊಳ್ಳುವಾಗ ಅಷ್ಟನ್ನೂ ಕೇಳುವುದಿಲ್ಲವಲ್ಲ?