ಟಿಕೆಟ್ಟಿಲ್ಲದ ಗಿಡಗಳ ಮೇಲೆ ಕಂಡಕ್ಟರಮ್ಮನ ಯುದ್ಧ

ಕೋಪ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಕಂಡಕ್ಟರಮ್ಮನ ಕೋಪಕ್ಕೆ ಮಾತ್ರ ಹೋಗುವ ಅಭ್ಯಾಸವಿರಲಿಲ್ಲ. ಅದು ಬೆಳಿಗ್ಗೆ ಆಕೆಯ ಜೊತೆಗೇ ಏಳುತ್ತಿತ್ತು, ಜೊತೆಗೇ ಹಲ್ಲುಜ್ಜುತ್ತಿತ್ತು. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದ ದಿನ ಚೀಲ, ಬಿಲ್ಲೆ, ಟಿಕೆಟ್ ಪೆಟ್ಟಿಗೆ ಎಲ್ಲವನ್ನೂ ಡಿಪೋಗೆ ಒಪ್ಪಿಸಿದಳು. ಸೀಟಿಯನ್ನೂ ಕೋಪವನ್ನೂ ಯಾರೂ ಕೇಳಲಿಲ್ಲ, ಮನೆಗೆ ತಂದಳು.

ಈಗ ಆ ಕೋಪಕ್ಕೆ ಗುರಿಯಾಗಿ ಸಿಕ್ಕಿದವನು ಸ್ವಂತ ತಮ್ಮ. ಒಂದೇ ಕಟ್ಟಡದಲ್ಲಿ ಆಕೆ ನೆಲಮಹಡಿ, ಆತ ಮೂರನೇ ಮಹಡಿ. ನಿವಾಸಿಗಳ ಸಂಘದ ಕಾರ್ಯದರ್ಶಿಯೂ ಆತನೇ. ನೋಟಿಸ್ ಬೋರ್ಡಿನ ಬೀಗದ ಕೈ ಸದಾ ಆತನ ಜೇಬಿನಲ್ಲಿ, ಸಾಮ್ರಾಟನ ಮುದ್ರೆಯುಂಗುರದಂತೆ.

ಯುದ್ಧಭೂಮಿ ಇದ್ದದ್ದು ಕಟ್ಟಡದ ಹಿಂದೆ. ಕಾಂಪೌಂಡ್ ಗೋಡೆಗೂ ನೀರಿನ ತೊಟ್ಟಿಗೂ ನಡುವೆ ಎರಡು ಬಸ್ಸು ಉದ್ದದ, ಅರ್ಧ ಬಸ್ಸು ಅಗಲದ ಒಂದು ಪಟ್ಟಿ ನೆಲ. ಬಿಸಿಲು ದಿನಕ್ಕೊಂದು ಗಂಟೆ ಬಂದು ಹಾಜರಿ ಹಾಕಿ ಹೋಗುತ್ತಿತ್ತು. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು, ಬೇಸಿಗೆಯಲ್ಲಿ ಗಾರೆಯಂಥ ನೆಲ. ತಮ್ಮ ಅದರ ಮೇಲೆ ಮೂರು ಸಲ ದಂಡೆತ್ತಿ ಹೋಗಿದ್ದ. ಮೊದಲು ಗುಲಾಬಿ, ನೆರಳಲ್ಲಿ ಸೊರಗಿ ಸತ್ತಿತು. ಆಮೇಲೆ ಹುಲ್ಲುಹಾಸು, ಕೆಸರಲ್ಲಿ ಕೊಳೆತು ಸತ್ತಿತು. ಮೂರನೆಯದಾಗಿ ಪುಸ್ತಕದಲ್ಲಿ ಫೋಟೋ ನೋಡಿ ತರಿಸಿದ, ಹೆಸರು ಹೇಳಲು ಬಾರದ ಕೆಂಪು ಹೂವಿನ ಗಿಡಗಳು. ಅವು ಯಾಕೆ ಸತ್ತವೆಂದು ಹೇಳುವುದಕ್ಕೂ ಪುರುಸೊತ್ತು ಕೊಡಲಿಲ್ಲ.

"ಫೋಟೋ ನೋಡಿ ಗಿಡ ತರೋಕೆ ಇದೇನು ಹೆಣ್ಣು ನೋಡೋ ಶಾಸ್ತ್ರಾನೇನೋ?" ಎಂದು ಕಂಡಕ್ಟರಮ್ಮ ಸಂಘದ ಸಭೆಯಲ್ಲೇ ಕೇಳಿದಳು. "ಅದಕ್ಕೆ ಈ ನೆಲದ ಟಿಕೆಟ್ ಇದೆಯಾ ಅಂತ ಕೇಳಿದ್ಯಾ? ಇಲ್ಲದಿದ್ರೆ ಹತ್ತಿಸಬಾರದು."

"ಅಕ್ಕಾ, ನೀನೇ ಮಾಡಿ ತೋರಿಸು. ಒಂದು ವರ್ಷ ಟೈಮು."

"ಬರಕೊಡು, ಸಹಿ ಹಾಕ್ತೀನಿ."

ಸಿಟ್ಟಿನಲ್ಲಿ ಸಹಿ ಹಾಕಿದಳು, ತಾರೀಖು ನೋಡಲಿಲ್ಲ. ಅದು ಕಡುಬೇಸಿಗೆಯ ನಡುಮಧ್ಯೆ. ಈ ಸಂಗತಿ ನೆನಪಿಟ್ಟುಕೊಳ್ಳಿ, ಆಕೆ ಮರೆತಳು.

ಮಳೆ ಶುರುವಾದ ಮೇಲೆ, ಗಿಡ ಆರಿಸುವುದಕ್ಕೆ ಆಕೆ ನರ್ಸರಿಗೆ ಹೋಗಲಿಲ್ಲ. ಬಸ್ಸು ಹತ್ತಿದಳು. ಮೂವತ್ತು ವರ್ಷ ಫುಟ್‌ಬೋರ್ಡಿನ ಮೇಲೆ ನಿಂತವಳಿಗೆ ಊರಿನ ಪ್ರತಿ ಮೋರಿ, ಪ್ರತಿ ಪಾಚಿಗಟ್ಟಿದ ಗೋಡೆ ಬಾಯಿಪಾಠ. ತನ್ನ ನೆಲದಂಥದೇ ನೆರಳು, ತನ್ನ ನೆಲದಂಥದೇ ಕೆಸರು ಇದ್ದಲ್ಲೆಲ್ಲ ಇಳಿದು, ಅಲ್ಲಿ ಯಾರ ಹಂಗೂ ಇಲ್ಲದೆ ವರ್ಷ ವರ್ಷ ತಾನೇ ಎದ್ದು ಬರುವುದು ಯಾವುದೆಂದು ನೋಡಿದಳು. ಹನ್ನೊಂದನೇ ನಂಬರಿನ ಬಸ್ಸು ದಾಟುವ ಸೇತುವೆಯ ಕೆಳಗೆ ಜರಿಗಿಡ. ಡಿಪೋದಲ್ಲಿ ಬಸ್ಸು ತೊಳೆದ ನೀರು ಹರಿಯುವಲ್ಲಿ, ದೂರಕ್ಕೆ ಹುಲ್ಲಿನಂತೆ ಕಾಣುವ ಜೇಕು. ಕೊನೇ ಸ್ಟಾಪಿನ ಗೋಡೆ ಬುಡದಲ್ಲಿ, ಹೆಸರು ಯಾರಿಗೂ ಗೊತ್ತಿಲ್ಲದ, ಚಿಟಿಕೆಯಷ್ಟು ನೀಲಿ ಹೂವು. ಚರಂಡಿಯ ಹೂಳೆತ್ತಿ ಗುಡ್ಡೆ ಹಾಕಿದ ಕಡೆಯಿಂದ, ಹೇಗೂ ಸಾಯಲಿದ್ದವನ್ನೇ ಎತ್ತಿ, ಸೀರೆಯ ಸೆರಗಿನಷ್ಟು ಒದ್ದೆ ಗೋಣಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ತಂದಳು. ಬಸ್ಸಿನಲ್ಲಿ ಹೊಸ ಕಂಡಕ್ಟರು "ಲಗೇಜಾ?" ಎಂದರೆ, "ಮಡಿಲಲ್ಲಿರೋ ಮಗೂಗೆ ಟಿಕೆಟ್ ಇಲ್ಲ. ರೂಲ್ಸ್ ಓದ್ಕೋ" ಎಂದಳು.

ಮಳೆ ಜೋರಾಯಿತು. ಪಟ್ಟಿ ತುಂಬಿತು. ತಮ್ಮ ಬಾಲ್ಕನಿಯಿಂದ ಬಗ್ಗಿ, "ಬರೀ ಹುಲ್ಲಲ್ವೇನಕ್ಕಾ?" ಎಂದ.

"ಇಳಿದು ಬಾ." ಬಂದ. ಒಂದು ಜೇಕಿನ ಕಡ್ಡಿ ಕಿತ್ತು ಅವನ ಬೆರಳ ನಡುವೆ ಇಟ್ಟಳು. "ತಿರುವು. ಹುಲ್ಲಿಂದು ಉರುಟು. ಇದಕ್ಕೆ ಮೂರು ಮೂಲೆ. ಕಣ್ಣಿಲ್ಲದಿದ್ರೂ ಬೆರಳಿದೆಯಲ್ಲ ನಿಂಗೆ?"

ಕೋಣನ ಮುಂದೆ ಕಿನ್ನರಿ. ಆತ ಕಡ್ಡಿಯನ್ನು ಕಿವಿಗೆ ಹಾಕಿ ತುರಿಸಿಕೊಂಡು ಮೇಲೆ ಹೋದ.

ಬೇಸಿಗೆ ಬಂತು. ಜರಿಗಿಡ ಕಂದಿತು, ನೀಲಿ ಹೂವು ಮಾಯವಾಯಿತು, ಜೇಕು ಒಣಗಿ ಕಡ್ಡಿಯಾಯಿತು. ಬೇರೊಳಗೆ ಇಳಿದು, ಬಾಗಿಲು ಹಾಕಿಕೊಂಡು, ಮಲಗಿದವು. ಸರಿಯಾಗಿ ಆ ವಾರಕ್ಕೆ ವರ್ಷ ತುಂಬಿತು. ನೋಟಿಸ್ ಬೋರ್ಡಿನಲ್ಲಿ ಸಾಮ್ರಾಟನ ಶಾಸನ ಬಿತ್ತು: ಹಿಂಬದಿಯ ಗಿಡಗಳೆಲ್ಲ ಸತ್ತಿರುವುದರಿಂದ ನಾಳೆ ನೆಲ ಅಗೆದು ಹುಲ್ಲುಹಾಸು ಹಾಕಲಾಗುವುದು.

ಕಂಡಕ್ಟರಮ್ಮ ಅದನ್ನು ಎರಡು ಸಲ ಓದಿದಳು. ಸಹಿಯ ತಾರೀಖು ಆಗ ನೆನಪಾಯಿತು. ತಮ್ಮನ ಮೇಲಿನ ಕೋಪಕ್ಕೆ ತನ್ನ ಮೇಲಿನದೂ ಸೇರಿತು.

ಬೆಳಿಗ್ಗೆ ಹುಲ್ಲಿನ ಸುರುಳಿಗಳು ಚಾಪೆಯಂತೆ ಬಂದು ಗೋಡೆಗೊರಗಿದವು. ನರೆತ ಮೀಸೆಯ ಸಲಿಕೆಯಾತ ಪಂಚೆ ಎತ್ತಿ ಕಟ್ಟಿದ. ಸಲಿಕೆ ಎತ್ತಿದ. ಅಷ್ಟರಲ್ಲಿ ನೆಲಮಹಡಿಯ ಬಾಗಿಲಿನಿಂದ ಒಂದು ಸೀಟಿ ಕೇಳಿತು. ಉದ್ದನೆಯದು, ಒಂದೇ.

ಸಲಿಕೆ ಗಾಳಿಯಲ್ಲೇ ನಿಂತಿತು. ಆತ ಇಪ್ಪತ್ತು ವರ್ಷ ಆಕೆಯ ಬಸ್ಸಿನಲ್ಲೇ ಓಡಾಡಿದವನು. ಒಂದು ಸೀಟಿಗೆ ಇಡೀ ಬಸ್ಸೇ ನಿಲ್ಲುತ್ತಿತ್ತು, ಅವನ ಕೈ ಯಾವ ಲೆಕ್ಕ.

"ಅಣ್ಣಾ, ನೀನು ನಿಲ್ಲು. ನಿನ್ನದೇನೂ ತಪ್ಪಿಲ್ಲ," ಎಂದಳು ಕಂಡಕ್ಟರಮ್ಮ. ಆಮೇಲೆ ತಮ್ಮನ ಕಡೆ ತಿರುಗಿದಳು. "ನೀನು ಇಳಿ."

"ಎಲ್ಲಿಗಕ್ಕಾ ಇಳೀಲಿ, ನೆಲದ ಮೇಲೇ ನಿಂತಿದೀನಿ," ಎಂದ ತಮ್ಮ. "ನೋಡು, ಸತ್ತಿದ್ದನ್ನ ಸತ್ತಿದೆ ಅಂದ್ರೆ ನಿಂಗೆ ಸಿಟ್ಟು. ಒಂದೇ ಒಂದು ಜೀವ ತೋರಿಸು, ಈ ಚಾಪೆ ಎಲ್ಲಾ ವಾಪಸ್."

"ಮಲಗಿರೋರನ್ನ ಸತ್ತರು ಅಂತ ಹೂಳೋಕೆ ಹೊರಟಿದ್ಯಲ್ಲೋ. ಭಾನುವಾರ ಮಧ್ಯಾಹ್ನ ನಿನ್ನನ್ನ ನೋಡಿ ನಾವ್ಯಾರೂ ಗುಂಡಿ ತೋಡಲಿಲ್ಲ."

ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ತಮ್ಮನ ಹೆಂಡತಿ, "ಅತ್ತಿಗೆ, ನಾನು ಒಂದೆರಡು ಸಲ ಯೋಚನೆ ಮಾಡಿದೀನಿ," ಎಂದಳು. ಸಲಿಕೆಯಾತ ಮೀಸೆಯೊಳಗೇ ನಕ್ಕ. ತಮ್ಮ ಕೆಂಪಾದ.

"ಬಾಯಿ ಮಾತು ಬೇಡ. ತೋರಿಸು ಅಂದೆ."

ಕಂಡಕ್ಟರಮ್ಮ ಸಲಿಕೆ ಕಸಿದುಕೊಂಡಳು. ಬೆರಳಿನಲ್ಲಿ ಕೆದಕಿದ್ದರೆ ಸಾಕಿತ್ತು. ಆದರೆ ಕೋಪ ಬೆರಳಿಗಿಳಿಯುವ ಸಾಮಾನಲ್ಲ, ಭುಜಕ್ಕೇ ಬರುತ್ತದೆ. ಎತ್ತಿದಳು, ಹಾಕಿದಳು. ಸೇತುವೆಯ ಕೆಳಗಿನ ಆ ದೊಡ್ಡ ಜರಿಗಿಡ, ಮಡಿಲಲ್ಲಿ ತಂದದ್ದು, ಸರಿಯಾಗಿ ಅದರ ಬುಡದ ಮೇಲೆ ಸಲಿಕೆ ಬಿತ್ತು.

ಮಣ್ಣು ತೆಗೆದಾಗ ಕಂಡದ್ದು: ಕಪ್ಪು ರೋಮದ ಬೇರುಗಡ್ಡೆ, ನಡುವೆ ಎರಡಾಗಿ ಸೀಳಿದ್ದು. ಸೀಳಿದಲ್ಲಿ ಹಸಿರುಬಿಳಿ ತಿರುಳು, ಒದ್ದೆ. ಮಗ್ಗುಲಲ್ಲಿ ಬಿಗಿಯಾಗಿ ಸುರುಳಿ ಸುತ್ತಿಕೊಂಡ ನಾಲ್ಕು ಎಳೆ ಚಿಗುರು, ಎಳೆಗೂಸಿನ ಮುಷ್ಟಿಯ ಹಾಗೆ. ಒಂದು ಮುಷ್ಟಿ ತುಂಡಾಗಿ ಪಕ್ಕಕ್ಕೆ ಬಿದ್ದಿತ್ತು.

ಸಲಿಕೆಯಾತ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ನೋಡಿದ. "ಸಾರ್, ಇದು ಜೀವ ಇರೋದು. ನಾನು ಅಗಿಯಲ್ಲ. ಬೇಕಾದ್ರೆ ಬೇರೆಯೋರನ್ನ ನೋಡ್ಕೊಳಿ."

ಗೆದ್ದಿದ್ದಳು. ಎದುರಾಳಿಯ ಮುಖ ಇಂಗು ತಿಂದ ಮಂಗನಂತಾಗಿತ್ತು. ಮೂವತ್ತು ವರ್ಷದಲ್ಲಿ ಇಂಥ ಗೆಲುವು ಸಿಕ್ಕಿರಲಿಲ್ಲ. ಆದರೆ ಕಂಡಕ್ಟರಮ್ಮ ಸಲಿಕೆಯನ್ನು ಗೋಡೆಗೆ ಎಸೆದು, ಬಿದ್ದ ಮುಷ್ಟಿಯನ್ನು ಅಂಗೈಯಲ್ಲಿ ಹಿಡಿದು ಕೂತುಬಿಟ್ಟಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಆಕೆಯ ಅವ್ವ ಆಕೆಗೇ ದಿನಕ್ಕೆರಡು ಸಲ ಹೇಳುತ್ತಿದ್ದಳು.

"ಅಕ್ಕಾ, ಗೆದ್ದೆಯಲ್ಲ. ಇನ್ನೂ ಯಾರ ಮೇಲೆ ಸಿಟ್ಟು?"

"ನಿಂಗೆ ಯಾಕೆ? ನೀನು ಆಚೆ ಹೋಗು."

ಚಾಪೆಗಳು ವಾಪಸ್ ಹೋಗಲಿಲ್ಲ, ಕೊಟ್ಟವನು ತೆಗೆದುಕೊಳ್ಳಲಿಲ್ಲ. ತಮ್ಮ ಅವನ್ನು ತಾರಸಿಯ ಮೇಲೆ ಹಾಸಿ, ಬೇಸಿಗೆಯಿಡೀ ಬಕೆಟ್ಟಿನಲ್ಲಿ ನೀರು ಹೊತ್ತ. ಅವು ಹಳದಿಯಾದವು, ಅವನ ಸೊಂಟ ಹಿಡಿಯಿತು.

ಮೊದಲ ಮಳೆಗೆ ಜೇಕು ಎದ್ದಿತು. ಎರಡನೆಯದಕ್ಕೆ ನೀಲಿ ಹೂವಿನ ಎಲೆ. ಸೀಳಿದ ಜರಿಗಿಡವನ್ನು ಎರಡು ಕಡೆ ನೆಟ್ಟು ಆಕೆ ದಿನಾ ಬಂದು ಬೈದು ಹೋಗುತ್ತಿದ್ದಳು. ಗೋಡೆ ಬುಡದ್ದು ಮುಷ್ಟಿ ಬಿಚ್ಚಿತು. ತೊಟ್ಟಿ ಬಳಿಯದು ಕೊಳೆಯಿತು. ಅದಿದ್ದ ಜಾಗವನ್ನು ಆಕೆ ಖಾಲಿ ಬಿಟ್ಟಳು. ಅಲ್ಲಿ ಬೇರೇನೂ ನೆಡಲಿಲ್ಲ.

ಒಂದು ಸಂಜೆ ತಮ್ಮ ಸೊಂಟ ಹಿಡಿದುಕೊಂಡು ಇಳಿದು ಬಂದ. "ಅಕ್ಕಾ, ಮುಂಬಾಗಿಲ ಹತ್ರಾನೂ ಒಂದಿಷ್ಟು ಜಾಗ ಇದೆ. ಏನು ಹಾಕಬಹುದು?"

"ಏನೂ ಹಾಕಬೇಡ. ಅಲ್ಲಿ ತಾನಾಗೇ ಏನು ಬರುತ್ತೆ ಅಂತ ಒಂದು ವರ್ಷ ಕೂತು ನೋಡು."

"ಒಂದು ವರ್ಷ ಕೂರಬೇಕಾ?"

"ನಾನು ಮೂವತ್ತು ವರ್ಷ ನಿಂತು ನೋಡಿದೀನಿ," ಎಂದಳು ಕಂಡಕ್ಟರಮ್ಮ. "ಮತ್ತೆ ಆ ಜೇಕಿನ ಮೇಲೆ ಕಾಲಿಟ್ಟಿದ್ಯಾ. ತೆಗಿ."