ದನದ ಡಾಕ್ಟರ ಶೋಭಾನೆ

ಐವತ್ತೇಳು ವರ್ಷದ ಗಂಡಸು ರಬ್ಬರ್ ತೋಟದ ನಡುವೆ ಒಬ್ಬನೇ ಕುಣಿದರೆ ನೋಡಿದವರು ಏನೆಂದುಕೊಳ್ಳಬೇಕು? ನಾನು ಕುಣಿದೆ. ಕೈಯಲ್ಲಿ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕತ್ತಿ ಇದ್ದುದರಿಂದ ಸ್ವಲ್ಪ ಜಾಗ್ರತೆಯಿಂದ ಕುಣಿದೆ. ಪುತ್ತೂರಿನಿಂದ ಗೆಳೆಯ ಫೋನ್ ಮಾಡಿ, "ರೆಕಾರ್ಡಿನ ಹಾಡುಗಳ ಪಟ್ಟಿ ಬಂತು ಮಾರಾಯ್ರೆ! ಎ ಬದಿ, ನಾಲ್ಕನೆಯದ್ದು, ನಮ್ಮದೇ!" ಎಂದು ಕಿರುಚಿದ್ದ.

ನಮ್ಮದು ಎಂದರೆ ಅಸಲಿಗೆ ಫ್ರಾನ್ಸಿನವರದ್ದು. ಐವತ್ತು ವರ್ಷದ ಹಿಂದೆ ಅಲ್ಲಿನ ಟಿವಿಯಲ್ಲಿ, ದನದ ಡಾಕ್ಟರೊಬ್ಬರು ಹಳ್ಳಿಹಳ್ಳಿ ತಿರುಗುತ್ತಾ ಕಳ್ಳರನ್ನೂ ಹಿಡಿಯುವ ಒಂದು ಧಾರಾವಾಹಿ ಬರುತ್ತಿತ್ತಂತೆ. ಅದರ ಸಂಗೀತ ಯಾವತ್ತೂ ಅಂಗಡಿಗೆ ಬಂದಿರಲಿಲ್ಲ. ಈಗ ಒಂದು ಸಣ್ಣ ಕಂಪೆನಿ ಸ್ಟುಡಿಯೋದ ಹಳೇ ಟೇಪನ್ನು ಹುಡುಕಿ ತೆಗೆದು, ರೆಕಾರ್ಡ್ ತಟ್ಟೆಯಾಗಿ ಬಿಡುಗಡೆ ಮಾಡುವುದರಲ್ಲಿತ್ತು. ಇಂಥ ಹಳೆಯ ಫ್ರೆಂಚ್ ಟಿವಿ ಸಂಗೀತ ಸಂಗ್ರಹಿಸುವವರ ಗುಂಪೊಂದು ಫೋನಿನಲ್ಲಿದೆ. ಅದರಲ್ಲಿ ನಮ್ಮ ಸೀಮೆಯವರು ಇಬ್ಬರೇ. ಪಂಜದ ನಾನು, ಪುತ್ತೂರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಅವನು. ಇಬ್ಬರಿಗೂ ಫ್ರೆಂಚಿನ ಒಂದಕ್ಷರ ಬಾರದು. "ಹುಚ್ಚು ಬಿಡದೆ ಮದುವೆ ಆಗುದಿಲ್ಲ ಅಂತಾರೆ. ಇವರಿಗೆ ಮದುವೆ ಆಗಿಯೂ ಬಿಡಲಿಲ್ಲ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಹುಚ್ಚು ಹಿಡಿದದ್ದು ಎಂಟನೇ ತರಗತಿಯಲ್ಲಿ. ಆಫ್ರಿಕಾದ ಯಾವುದೋ ದೇಶದಲ್ಲಿ ಮರದ ಕಂಪೆನಿಯ ಕೆಲಸಕ್ಕಿದ್ದ ನೆರೆಮನೆಯವರು ಊರಿಗೆ ಬರುವಾಗ ಒಂದು ಟೇಪ್ ರೆಕಾರ್ಡರ್ ತಂದಿದ್ದರು. ಒಳಗೆ ಒಂದೇ ಕ್ಯಾಸೆಟ್ಟು, ಅಲ್ಲಿನ ಫ್ರೆಂಚ್ ಟಿವಿಯಿಂದ ಯಾರೋ ತುಂಬಿಸಿಕೊಂಡದ್ದು. ಅದರಲ್ಲೊಂದು ಮಾತಿಲ್ಲದ ರಾಗ, ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಕ್ಕುಬಿಡುವಂಥದ್ದು. ಪರೀಕ್ಷೆ ಹತ್ತಿರವಿದ್ದುದರಿಂದ ನನಗೆ ಆ ಮನೆಗೆ ಹೋಗಬಾರದೆಂದು ಅಪ್ಪನ ಅಪ್ಪಣೆಯಾಗಿತ್ತು. ನಾನು ದಿನಾ ಹೋಗುತ್ತಿದ್ದೆ. ಆಗಿನ್ನೂ ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದ ಸೋದರತ್ತೆ ಒಂದು ದಿನ ನನ್ನ ಸಿಳ್ಳೆ ಕೇಳಿ, "ಎಲ್ಲಿಂದ ಕಲಿತದ್ದಾ ಇದು?" ಎಂದರು. ಬೆನ್ನಿಗೆ ಪೆಟ್ಟು ಬೀಳುವ ಹೆದರಿಕೆಗೆ ಸುಳ್ಳು ತಾನಾಗಿ ಬಾಯಿಗೆ ಬಂತು. "ಸವಣೂರಿನ ಒಂದು ಮದುವೆಯಲ್ಲಿ ಒಬ್ಬರು ಅಜ್ಜಿ ಹಾಡಿದ್ದು. ಮಾತು ಮರೆತುಹೋಯ್ತು."

ಅಷ್ಟೇ ಸಾಕಾಯಿತು. ಮರೆತುಹೋದ ಮಾತಿನ ಜಾಗಕ್ಕೆ ಅತ್ತೆ ತಾವೇ ಮಾತು ಕೂಡಿಸಿದರು. ಮದುಮಗಳು ಹೊಸಿಲು ದಾಟುವಾಗ ಹಿಂತಿರುಗಿ ನೋಡಿದಳೋ ಇಲ್ಲವೋ ಎಂದು ತಾಯಿ ಕೇಳುವ ಶೋಭಾನೆ ಅದು. ಅವರು ಮದುವೆಯಾಗಿ ನೆಟ್ಟಣಕ್ಕೆ ಹೋದಾಗ ಹಾಡೂ ಜೊತೆಗೆ ಹೋಯಿತು. ಈಗ ಸುತ್ತಲಿನ ಯಾವ ಮದುವೆಯಲ್ಲೂ ಅದಿಲ್ಲದೆ ಆರತಿ ಎತ್ತುವುದಿಲ್ಲ. ಕಾಲೇಜಿನ ಮೇಷ್ಟ್ರೊಬ್ಬರು ಬಂದು ಬರೆದುಕೊಂಡು, ಬಹಳ ಪ್ರಾಚೀನವಾದದ್ದು ಎಂದು ತಲೆದೂಗಿ ಹೋಗಿದ್ದರು. ಅತ್ತೆ ಅವರಿಗೂ ಹೇಳಿದ್ದು ಅದನ್ನೇ. "ನನ್ನದು ಎಂತ ಉಂಟು ಇದರಲ್ಲಿ? ಎಲ್ಲ ಸವಣೂರಿನ ಅಜ್ಜಿಯದ್ದು. ಹರಿದಲ್ಲಿ ನಾನೊಂದು ತೇಪೆ ಹಾಕಿದ್ದೇನೆ ಅಷ್ಟೆ."

ರಾಗದ ಜಾತಕ ಗೊತ್ತಾದದ್ದು ಮೊನ್ನೆ ಮೊನ್ನೆ. ಗೆಳೆಯ ತನ್ನ ಅಂಗಡಿಯಲ್ಲೇ ನನ್ನಿಂದ ಅದನ್ನು ಗುನುಗಿಸಿ ಗುಂಪಿಗೆ ಕಳಿಸಿದ. ಚಾ ಆರುವ ಮೊದಲೇ ಫ್ರಾನ್ಸಿನ ನಿವೃತ್ತರೊಬ್ಬರ ಉತ್ತರ ಬಂತು: ದನದ ಡಾಕ್ಟರು!

ಆಮೇಲೆ ಶುರುವಾಯಿತು ಕಾಯುವಿಕೆ. ಮೊದಲು ಕಂಪೆನಿಯವರು ಬೇಸಗೆಗೆ ಬಿಡುಗಡೆ ಅಂದರು. ಮತ್ತೆ ಹೊದಿಕೆಯ ರಟ್ಟಿನ ಬಣ್ಣ ಸರಿ ಬರಲಿಲ್ಲ ಅಂದರು. ಕೆನಡಾದವನೊಬ್ಬ ಮುನಿಸಿಕೊಂಡು ಗುಂಪು ಬಿಟ್ಟ, ಮರುದಿನ ಮರಳಿ ಬಂದ. ದಿನಕ್ಕೊಂದು ಹಾಡಿನ ತುಣುಕನ್ನು ಕೇಳಿಸಲು ತೊಡಗಿದರು. "ನಮ್ಮದೊಂದು ಬಿಟ್ಟು ಬೇರೆ ಎಲ್ಲ ಹಾಕಿದ್ರಲ್ಲ ಮಾರಾಯ್ರೆ, ಇವರಿಗೆ ಎಂತ ದ್ವೇಷ ನಮ್ಮ ಮೇಲೆ!" ಎಂದು ಗೆಳೆಯ ಗೋಳಾಡಿದ. ನನಗೂ ಊಟ ಸೇರುತ್ತಿರಲಿಲ್ಲ. ಪಾರ್ಸೆಲ್ ಎಲ್ಲಿಗೆ ತಲುಪಿತೆಂದು ಫೋನಿನಲ್ಲಿ ನೋಡಿ ನೋಡಿ ಹೆಬ್ಬೆರಳು ಸವೆಯಿತು. ಅಂಚೆಯಣ್ಣ ನನ್ನನ್ನು ಕಂಡರೆ ದೂರದಿಂದಲೇ ಇಲ್ಲವೆಂದು ಕೈಯಾಡಿಸುತ್ತಿದ್ದರು.

ಈ ಸಂಭ್ರಮದ ನಡುವೆ ಒಂದು ಭಯವೂ ಇತ್ತು. ಅತ್ತೆಯ ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ಗೆಳೆಯನದ್ದು ತೂತು ಬಾಯಿ, ಇಂದಲ್ಲ ನಾಳೆ ಯಾರ ಹತ್ತಿರವಾದರೂ ಹೇಳಿಯೇ ಹೇಳುತ್ತಾನೆ. ತಾವು ಇಷ್ಟು ಕಾಲ ಭಕ್ತಿಯಿಂದ ಹಾಡಿದ್ದು ಯಾವುದೋ ಟಿವಿಯ ರಾಗ ಎಂದು ತಿಳಿದರೆ ಅತ್ತೆ ಮತ್ತೆ ಬಾಯಿ ತೆರೆದಾರೇ? ಹೇಳಬೇಕಾದವನು ನಾನೇ. ನನಗೆ ಧೈರ್ಯವಿರಲಿಲ್ಲ.

ಪಾರ್ಸೆಲ್ ಬಂದದ್ದು ಒಂದು ಆದಿತ್ಯವಾರದ ಹಿಂದಿನ ದಿನ. ಮರುದಿನ ಬೆಳಿಗ್ಗೆ ಗೆಳೆಯ ರೆಕಾರ್ಡ್ ಪ್ಲೇಯರನ್ನು ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಬಂದಿಳಿದ. ಮೊದಲ ಮೂರು ಹಾಡಿಗೆ ಕಣ್ಣು ಮುಚ್ಚಿ ಕೂತೆವು. ನಾಲ್ಕನೆಯದು ಶುರುವಾಯಿತು. ಅಯ್ಯೋ, ಆ ಕ್ಯಾಸೆಟ್ಟಿನಲ್ಲಿ ಕೇಳಿಸದೇ ಇದ್ದ ಎಷ್ಟೊಂದು ಕೊಳಲು! ಇಬ್ಬರೂ ಎದ್ದು ಕುಣಿದೆವು. ಒಂದು ಸುತ್ತು ತಿರುಗಿದರೆ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಮದುವೆ ಕಾಗದದ ಕಟ್ಟು. ಮನೆಮನೆಗೆ ಹೋಗಿ ಹೇಳಿಕೆ ಕೊಡುತ್ತಾ ನಮ್ಮಲ್ಲಿಗೂ ಬಂದಿದ್ದರು.

ರಾಗ ಮುಗಿಯುವವರೆಗೆ ಅವರು ಅಲುಗಲಿಲ್ಲ. "ಇನ್ನೊಮ್ಮೆ ಹಾಕು" ಎಂದರು. ಹಾಕಿದೆವು. ಬಳಿಕ ಕುರ್ಚಿಯಲ್ಲಿ ಕೂತು, "ಇದು ಯಾರ ಮದುವೆಯದ್ದು?" ಎಂದು ಕೇಳಿದರು.

"ಮದುವೆಯದ್ದಲ್ಲ ಅತ್ತೆ. ಫ್ರಾನ್ಸಿನ ಟಿವಿಯದ್ದು. ದನದ ಡಾಕ್ಟರು ಕಳ್ಳನನ್ನು ಹಿಡಿಯುವಾಗ ಬರುದು."

"ಮತ್ತೆ ಸವಣೂರಿನ ಅಜ್ಜಿ?"

"ಅಂಥ ಅಜ್ಜಿಯೇ ಇರಲಿಲ್ಲ. ನಾನು ಸುಳ್ಳು ಹೇಳಿದ್ದು."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅತ್ತೆ ಎದ್ದು ನಿಂತರು. ಹೆಂಡತಿ ತಂದ ಕಾಫಿಯನ್ನೂ ಮುಟ್ಟದೆ ಕಾಗದವನ್ನು ನನ್ನ ಕೈಗಿಟ್ಟು, "ಎಲ್ಲರೂ ಬನ್ನಿ" ಎಂದಷ್ಟೇ ಹೇಳಿ ಅಂಗಳಕ್ಕಿಳಿದರು. ರೆಕಾರ್ಡ್ ಸುಮ್ಮನೆ ತಿರುಗುತ್ತಿತ್ತು. ಗೆಳೆಯ ಮೆಲ್ಲನೆ ಅದರ ಮುಳ್ಳನ್ನು ಎತ್ತಿಟ್ಟ.

ಮದುವೆಯ ದಿನ ನಾನು ಮಂಟಪದ ಕಂಬದ ಹಿಂದೆ ಅಡಗಿದಂತೆ ನಿಂತಿದ್ದೆ. ಆರತಿಯ ಹೊತ್ತಾಯಿತು. ಹೆಂಗಸರು ಎಂದಿನಂತೆ ಅತ್ತೆಯತ್ತ ತಿರುಗಿದರು. ಅತ್ತೆ ಹಾಡಲಿಲ್ಲ. ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟರು. ಮುಗಿಯಿತು, ನಾನೇ ಕೊಂದೆ ಈ ಹಾಡನ್ನು ಎಂದುಕೊಂಡೆ.

ಅತ್ತೆ ಸೆರಗು ಸರಿಮಾಡಿಕೊಂಡು, ಮೈಕಿನವನನ್ನು ಹತ್ತಿರ ಕರೆದರು. "ಒಂದು ವಿಷಯ ಹೇಳ್ಲಿಕ್ಕುಂಟು. ಈ ಶೋಭಾನೆಯ ರಾಗ ಫ್ರಾನ್ಸ್ ದೇಶದ್ದು. ಅವರಿಗೆ ಪಾಪ, ಮಾತು ಸಿಕ್ಕಿರಲಿಲ್ಲ. ಮಾತು ಯಾವ ಅಜ್ಜಿಯದ್ದೂ ಅಲ್ಲ. ಪೂರಾ ನಾನು ಕಟ್ಟಿದ್ದು."

ಇಷ್ಟು ವರ್ಷ ತಲೆ ತಗ್ಗಿಸಿ ಹಾಡುತ್ತಿದ್ದವರು ಅಂದು ತಲೆಯೆತ್ತಿ, ನೆರೆದವರನ್ನೆಲ್ಲ ನೋಡುತ್ತಾ ಹಾಡಿದರು.