ಸೇಲಂ ದಾಟಿದ ಮೇಲಿನ ದಾರಿ

ಚಿಂತಾಮಣಿಯ ಕೋನಪ್ಪನಿಗೆ ಸಮುದ್ರದ ಪರಿಚಯವಾದದ್ದು ತುಕ್ಕಿನಿಂದ. ರಾಮೇಶ್ವರ, ಕನ್ಯಾಕುಮಾರಿ, ಪುರಿ ಎಂದು ಯಾತ್ರೆ ಹೊರಟವರನ್ನು ತನ್ನ ಟೆಂಪೋ ಟ್ರಾವೆಲರ್‌ನಲ್ಲಿ ಕರೆದುಕೊಂಡು ಹೋಗಿ ಬಂದ ಮೇಲೆ ಗಾಡಿಯ ತಳಕ್ಕೆಲ್ಲ ಸಿಹಿನೀರು ಹೊಡೆದು ತೊಳೆಯಬೇಕಿತ್ತು. ಇಲ್ಲದಿದ್ದರೆ ಉಪ್ಪುಗಾಳಿ ತಗಡನ್ನು ತಿಂದುಹಾಕುತ್ತಿತ್ತು. ಜನ ಟವೆಲು, ಚೊಂಬು ಹಿಡಿದು ಅಲೆಗಳ ಕಡೆ ಓಡುವಾಗ ಅವನು ಗಾಡಿಯೊಳಗೇ ಸೀಟುಗಳ ನಡುವೆ ಚಾಪೆ ಹಾಸಿ ಮಲಗುತ್ತಿದ್ದ. ರಾತ್ರಿಯಿಡೀ ಗಾಡಿ ಓಡಿಸಿದವನಿಗೆ ಸಮುದ್ರಕ್ಕಿಂತ ನಿದ್ದೆ ದೊಡ್ಡದು. ದೂರದ ಭೋರೆನ್ನುವ ಸದ್ದು ನಿದ್ದೆಯೊಳಕ್ಕೆ ಬಂದು ಹೋಗುತ್ತಿತ್ತು, ಅಷ್ಟೇ.

ಮಗಳು ಹರಿತಾಗೆ ಬೇಸಿಗೆ ರಜೆ ಎಂದರೆ ಅಪ್ಪ ಮನೆಯಲ್ಲಿಲ್ಲದ ಕಾಲ. ಅಯ್ಯಪ್ಪನ ಮಾಲೆಯ ತಿಂಗಳಲ್ಲೂ ಹಾಗೆಯೇ. ಊರಿನವರೆಲ್ಲ ಅವಳಪ್ಪನ ಗಾಡಿಯಲ್ಲಿ ದೇಶ ನೋಡಿ ಬಂದರು. ಅವಳೂ ಅಮ್ಮ ಆದಿಲಕ್ಷ್ಮಮ್ಮನೂ ಮನೆಯಲ್ಲಿ ಹಸು ನೋಡಿಕೊಂಡು ಉಳಿದರು. ಈಗ ಹರಿತಾ ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಟೀಚರು. ಗಂಡ ರಮೇಶ್‌ಬಾಬು ಅಲ್ಲೇ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮಗಳು ಶರ್ವಾಣಿ ಮೂರನೇ ಕ್ಲಾಸು. ಒಂದು ಭಾನುವಾರ ಮೂವರೂ ಚಿಂತಾಮಣಿಗೆ ಬಂದಾಗ, ಊಟವಾದ ಮೇಲೆ ಹರಿತಾ ಮಾತು ತೆಗೆದಳು.

"ಅಪ್ಪ, ದಸರಾ ರಜೆಗೆ ನಾವೆಲ್ಲ ಒಂದು ಟ್ರಿಪ್ಪು ಹೋಗಣ."

"ಅದಕ್ಕೇನಮ್ಮ? ಗಾಡಿ ಐತೆ, ನಾನಿದ್ದೀನಿ. ಎಲ್ಲಿಗೆ ಅಂತ ಹೇಳು."

"ಇದೇ ನಾನು ಬೇಡ ಅನ್ನೋದು. ನೀನು ಗಾಡಿ ಓಡಿಸ್ದೇ ಇರೋ ಟ್ರಿಪ್ಪು ಬೇಕು ನಂಗೆ. ರೈಲಲ್ಲಿ ಕರ್ಕೊಂಡ್ ಹೋದ್ರೂ ಇಳಿದ ತಕ್ಷಣ ಯಾವ್ದೋ ಗಾಡಿ ಬಾಡಿಗೆಗೆ ಹಿಡಿದು ಮುಂದಿನ ಸೀಟಲ್ಲಿ ಕೂತ್ಬಿಡ್ತೀಯ. ಅದಕ್ಕೇ ಹಡಗು ನೋಡಿದ್ದೀನಿ. ಚೆನ್ನೈಯಲ್ಲಿ ಹತ್ತೋದು, ವಿಶಾಖಪಟ್ಟಣ ನೋಡಿ ಮತ್ತೆ ಚೆನ್ನೈಗೇ ಬರೋದು. ಅಲ್ಲಿ ನಿನ್ನ ಕೈಗೆ ಯಾರೂ ಸ್ಟೀರಿಂಗ್ ಕೊಡಲ್ಲ."

ಹಡಗು ಎಂಬ ಮಾತು ಕೇಳಿ ಆದಿಲಕ್ಷ್ಮಮ್ಮ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಬಂದಳು. "ನೀರಿನ ಮೇಲೆ ಮಲಗೋದಾ?"

ಶರ್ವಾಣಿ ಅಪ್ಪನ ಮೊಬೈಲು ಕಿತ್ತುಕೊಂಡು ತೋರಿಸಿದಳು. "ಅಜ್ಜಿ, ಇದ್ರಲ್ಲಿ ಹೋಟ್ಲಿದೆ, ಅಂಗಡಿ ಇದೆ, ಮೇಲುಗಡೆ ಸ್ವಿಮ್ಮಿಂಗ್ ಪೂಲ್ ಇದೆ!"

"ಸುತ್ತ ಅಷ್ಟೊಂದು ನೀರಿಟ್ಕೊಂಡು ಒಳಗೆ ಇನ್ನೊಂದು ಗುಂಡಿ ಯಾಕಂತೆ?" ಎಂದಳು ಆದಿಲಕ್ಷ್ಮಮ್ಮ. ಆದರೆ ಮೊಬೈಲನ್ನು ತನ್ನ ಕೈಗೆ ಈಸಿಕೊಂಡು, ಆ ಬಿಳಿ ಹಡಗನ್ನು ಬಹಳ ಹೊತ್ತು ನೋಡಿದಳು.

ದಿನ ಗೊತ್ತುಮಾಡುವುದೇ ದೊಡ್ಡ ಕೆಲಸವಾಯಿತು. ಪಿತೃಪಕ್ಷದಲ್ಲಿ ಹೊಸ ಪ್ರಯಾಣ ಬೇಡವೆಂದು ಆದಿಲಕ್ಷ್ಮಮ್ಮ ಹಟ ಹಿಡಿದಳು. ಆಯುಧಪೂಜೆಯ ದಿನ ಗಾಡಿಗೆ ತಾನೇ ಕುಂಬಳಕಾಯಿ ಒಡೆಯಬೇಕು, ಅಷ್ಟರೊಳಗೆ ಊರಿನಲ್ಲಿರಬೇಕು ಎಂದು ಕೋನಪ್ಪನ ಹಟ. ಮಹಾಲಯ ಅಮಾವಾಸ್ಯೆ ಕಳೆದು ಆಯುಧಪೂಜೆ ಬರುವುದರೊಳಗೆ ಹೋಗಿ ಬರುವಂಥ ಹಡಗನ್ನು ರಮೇಶ್‌ಬಾಬು ಹುಡುಕಿ ಹುಡುಕಿ ಹಿಡಿದ. ಹಸುವನ್ನು ನೋಡಿಕೊಳ್ಳಲು ಪಕ್ಕದ ಮನೆಯ ಅಕ್ಕಯಮ್ಮ ಒಪ್ಪಿದಳು. "ನಂಗೊಂದು ಬಾಟ್ಲಿ ಸಮುದ್ರದ ನೀರು ತಾ" ಎಂದು ಕರಾರನ್ನೂ ಹಾಕಿದಳು.

ಅಂದಿನಿಂದ ಆ ಮನೆಯಲ್ಲಿ ಹಡಗು ಸದ್ದಿಲ್ಲದೆ ಓಡಾಡತೊಡಗಿತು. ಹಾಲು ಕರೆಯುತ್ತಿದ್ದ ಆದಿಲಕ್ಷ್ಮಮ್ಮ ತಟ್ಟನೆ ಕೇಳುವಳು: "ಅದಕ್ಕೆ ಕಿಟಕಿ ಇರ್ತೈತಾ?" ತೊಗರಿ ಆರಿಸುತ್ತಿದ್ದವಳು ಕೇಳುವಳು: "ರಾತ್ರಿ ಹೊತ್ತು ನಿಲ್ಲಿಸ್ತಾರಾ, ಓಡಿಸ್ತಾನೇ ಇರ್ತಾರಾ?" ಕೋನಪ್ಪನಿಗೆ ಇದಾವುದೂ ತಿಳಿಯದು. ಅವನಿಗೆ ಬಿದ್ದ ಕನಸಿನಲ್ಲಿ ತನ್ನ ಟೆಂಪೋ ನೀರಿನ ಮೇಲೆ ಹೋಗುತ್ತಿತ್ತು. ಚಕ್ರ ತಿರುಗುತ್ತಿರಲಿಲ್ಲ. ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದರೆ ಅಲ್ಲಿ ತಣ್ಣನೆಯ ತಾವರೆದಂಟು. ಎಳೆಯಲು ಮನಸ್ಸಾಗದೆ ಸುಮ್ಮನೆ ಹಿಡಿದುಕೊಂಡಿದ್ದ.

ಚೆನ್ನೈಗೆ ಗಾಡಿ ಓಡಿಸಲು ಶಿಡ್ಲಘಟ್ಟದ ಆವುಲಪ್ಪ ಬಂದ. ಕೋನಪ್ಪನ ವಾರಿಗೆಯವನು, ಅವನ ಹಾಗೆಯೇ ಹಳೇ ಡ್ರೈವರು. ಕೋನಪ್ಪ ತನ್ನದೇ ಗಾಡಿಯ ಹಿಂದಿನ ಸೀಟಿನಲ್ಲಿ ಹೆಂಡತಿಯ ಪಕ್ಕದಲ್ಲಿ ಕುಳಿತ. ಮುಳಬಾಗಲು ದಾಟುವಷ್ಟರಲ್ಲಿ ಅವನ ಬಲಗಾಲು ಎಷ್ಟು ಸಲ ನೆಲವನ್ನು ಒತ್ತಿತೋ.

ಆವುಲಪ್ಪ ಕನ್ನಡಿಯಲ್ಲಿ ನೋಡಿ ನಕ್ಕ. "ಏಮಣ್ಣಾ, ಬ್ರೇಕು ನನ್ ಕಾಲ್ ಕೆಳಗೈತೆ. ನೀನ್ಯಾಕೆ ನೆಲ ತೂತು ಮಾಡ್ತೀಯ? ಕಾಲು ಮೇಲಕ್ಕೆ ಮಡಚ್ಕೊಂಡು ಕೂತ್ಕೋಪ್ಪ."

ಬಂದರಿನಲ್ಲಿ ಹೊರಗಿನ ತಿಂಡಿ ಒಳಕ್ಕೆ ಬಿಡುವುದಿಲ್ಲವೆಂದು ಗೊತ್ತಾದಾಗ, ಆದಿಲಕ್ಷ್ಮಮ್ಮ ಕರಿದು ತಂದಿದ್ದ ನಿಪ್ಪಟ್ಟನ್ನು ಎಲ್ಲರೂ ಗೇಟಿನ ಬಳಿ ನಿಂತುಕೊಂಡೇ ತಿಂದರು. ಉಳಿದ ಡಬ್ಬಿ ಆವುಲಪ್ಪನ ಪಾಲಾಯಿತು. ಅವನು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, "ಪೋಯಿ ರಾಂಡಿ" ಎಂದು ತೆಲುಗಿನಲ್ಲಿ ಹೋಗಿಬರಲು ಹೇಳಿ ಕೈಬೀಸಿದ.

ಹಡಗು ಹೊರಟದ್ದು ಕೋನಪ್ಪನಿಗೆ ತಿಳಿಯಲೇ ಇಲ್ಲ. ಗೇರು ಬಿದ್ದ ಸದ್ದಿಲ್ಲ, ಕ್ಲಚ್ಚು ಬಿಟ್ಟ ಜಗ್ಗಿಲ್ಲ. "ಯಾವಾಗ ಹೊರಡ್ತೈತೆ?" ಎಂದು ಅಳಿಯನನ್ನು ಕೇಳಿದ.

"ಹೊರಟಿದೆ ಮಾವ. ಆ ಕಡೆ ನೋಡಿ."

ಚೆನ್ನೈಯ ಕ್ರೇನುಗಳು, ದೀಪಸ್ತಂಭ, ಸಂಜೆಬಿಸಿಲಿನಲ್ಲಿ ಹೊಳೆಯುತ್ತಿದ್ದ ಕಟ್ಟಡಗಳು, ಯಾರೋ ಮೆಲ್ಲಗೆ ಚಾಪೆ ಎಳೆದಂತೆ ಹಿಂದಕ್ಕೆ ಸರಿಯುತ್ತಿದ್ದವು. ಕೋನಪ್ಪ ಮುಂದಕ್ಕೆ ನೋಡಿದ. ದಾರಿ ಇರಲಿಲ್ಲ. ತಿರುವಿಲ್ಲ, ಮೈಲಿಗಲ್ಲಿಲ್ಲ, ಎದುರಿನಿಂದ ಬರುವ ಲಾರಿಯಿಲ್ಲ. ಎಲ್ಲಿ ನೋಡಿದರೂ ಬಯಲು. ಅವನಿಗೆ ತಲೆ ಹಗುರವಾದಂತಾಯಿತು. ಮುಂದಿನ ಗಳಿಗೆಯಲ್ಲಿ ಹೊಟ್ಟೆ ತೊಳಸಿತು.

ಬೇರೆಯವರ ಕೈಗೆ ನಿಂಬೆಹಣ್ಣು ಕೊಟ್ಟು, ಕಿಟಕಿ ಪಕ್ಕ ಕೂರಿಸಿ, ಘಾಟಿನ ತಿರುವುಗಳಲ್ಲಿ ಎಷ್ಟೋ ಜನರನ್ನು ಸಂಭಾಳಿಸಿದ್ದವನು ಆ ಸಂಜೆ ತಾನೇ ಹಾಸಿಗೆ ಹಿಡಿದ. ಆದಿಲಕ್ಷ್ಮಮ್ಮನಿಗೆ ಏನೂ ಆಗಲಿಲ್ಲ. ಹುಟ್ಟಿದಾಗಿನಿಂದ ಹಡಗಿನಲ್ಲೇ ಇದ್ದವಳ ಹಾಗೆ ಸಲೀಸಾಗಿ ಓಡಾಡಿದಳು. ಊಟದ ಹಾಲಿಗೆ ಹೋಗಿ ನಿಂಬೆಹಣ್ಣು, ಶುಂಠಿ ಕೇಳಿ ತಂದಳು. ಯಾವ ಭಾಷೆಯಲ್ಲಿ ಕೇಳಿದಳೋ ಯಾರಿಗೂ ಗೊತ್ತಾಗಲಿಲ್ಲ. ಅವನ ಹಣೆಗೆ ಒದ್ದೆಬಟ್ಟೆ ಹಾಕಿ, ಕಾಲ ಬಳಿ ಕುಳಿತಳು. ದುಂಡನೆಯ ಕಿಟಕಿಯಾಚೆ ನೀರು ಏರುತ್ತ ಇಳಿಯುತ್ತ ಇತ್ತು.

"ಗಾಡಿ ಓಡಿಸೋರಿಗೆ ಇದು ಬರಲ್ಲ ಕಣೇ," ಎಂದ ಅವನು ನಾಚಿಕೆಯಿಂದ. "ಕೂತ್ಕೊಂಡ್ ಹೋಗೋರಿಗೆ ಬರೋದು."

"ಈಗ ನೀವು ಕೂತ್ಕೊಂಡ್ ಹೋಗ್ತಾ ಇರೋರೇ ತಾನೆ? ಕಣ್ ಮುಚ್ಕೊಳ್ಳಿ."

ಅವನು ಕಣ್ಣು ಮುಚ್ಚಿದ. ಎಲ್ಲಿದ್ದೇನೆ, ಎಷ್ಟು ದೂರ ಉಳಿದಿದೆ, ಡೀಸೆಲು ಎಲ್ಲಿ ಹಾಕಿಸಬೇಕು ಎಂಬ ಲೆಕ್ಕ ತಲೆಯೊಳಗೆ ಒಂದೆರಡು ಸುತ್ತು ಹೊಡೆದು ತಾನಾಗಿ ನಿಂತಿತು.

ಎಚ್ಚರವಾದಾಗ ಬೆಳಕು ಹರಿದು ಬಹಳ ಹೊತ್ತಾಗಿತ್ತು. ಅಷ್ಟು ಉದ್ದನೆಯ ನಿದ್ದೆ ಮಾಡಿದ ನೆನಪು ಅವನಿಗಿರಲಿಲ್ಲ. ಹೊಟ್ಟೆ ಹಸಿದಿತ್ತು. ಇಡ್ಲಿ, ಪೊಂಗಲು ತಿಂದು ಮೇಲಿನ ಡೆಕ್ಕಿಗೆ ಹೋದರೆ, ಆಕಾಶ ಯಾವುದು ನೀರು ಯಾವುದು ಎಂದು ಗುರುತೇ ಸಿಗದಂಥ ನೀಲಿ. ಗಾಳಿಗೆ ಹರಿತಾಳ ದುಪಟ್ಟಾ ಪಟಪಟ ಬಡಿಯುತ್ತಿತ್ತು. ಶರ್ವಾಣಿ ಕೊಳದಲ್ಲಿ ಈಜುತ್ತಿದ್ದಳು, ರಮೇಶ್‌ಬಾಬು ಪಂಚೆ ಎತ್ತಿಕಟ್ಟಿ ಅಂಚಿನಲ್ಲಿ ಕಾವಲು ಕುಳಿತಿದ್ದ. ಹರಿತಾ ಅಪ್ಪ ಅಮ್ಮನಿಗೆ ನೆರಳಿನಲ್ಲಿ ಒರಗು ಕುರ್ಚಿ ಹಾಕಿಸಿಕೊಟ್ಟು, "ಇಲ್ಲಿಂದ ಏಳಬೇಡಿ" ಎಂದು ಮಕ್ಕಳಿಗೆ ಹೇಳಿದಂತೆ ಹೇಳಿ ಹೋದಳು.

ಇಬ್ಬರೂ ಪಕ್ಕಪಕ್ಕದಲ್ಲಿ ಕಾಲು ಚಾಚಿಕೊಂಡು ಕುಳಿತರು. ಮಾಡಲು ಏನೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಪುಡಿಪುಡಿಯಾಗಿ ಬಿದ್ದಿತ್ತು.

"ಈಗ ಎಲ್ಲಿದ್ದೀವಿ?" ಎಂದು ಕೇಳಿದಳು ಆದಿಲಕ್ಷ್ಮಮ್ಮ.

"ಗೊತ್ತಿಲ್ಲ ಕಣೇ."

ಅವಳು ನಕ್ಕಳು. "ನಿಮ್ಮ ಬಾಯಲ್ಲಿ ಈ ಮಾತು ಇವತ್ತೇ ಕೇಳಿದ್ದು." ನೀರಿನ ಕಡೆ ತಿರುಗಿ ಹೇಳಿದಳು: "ನೀವು ರಾಮೇಶ್ವರದ ಟ್ರಿಪ್ಪಿಗೆ ಹೋದಾಗ್ಲೆಲ್ಲ ನಾನೂ ಬರ್ತಿದ್ದೆ. ಗೊತ್ತಾ?"

"ಎಲ್ಲಿಗೆ?"

"ನಿಮ್ ಜೊತೇಲಿ. ಮಗೂನ ಮಲಗಿಸಿ ನಾನೂ ಮಲಗ್ಕೊಂಡು ಹೊರಡ್ತಿದ್ದೆ. ಈಗ ಹೊಸಕೋಟೆ ದಾಟಿರ್ತಾರೆ. ಈಗ ಹೊಸೂರು. ಕೃಷ್ಣಗಿರೀಲಿ ಟೀ ಕುಡೀತಾರೆ. ಧರ್ಮಪುರಿ ಆಯ್ತು. ತೊಪ್ಪೂರು ಘಾಟು ಬಂತು ಅಂದ್ರೆ ಎದೆ ಡವಗುಟ್ಟೋದು. ಲಾರಿಗಳೆಲ್ಲ ಅಲ್ಲೇ ಮಗುಚ್ತವೆ ಅಂತ ನೀವೇ ಹೇಳಿದ್ರಲ್ಲ. ಕಣ್ ಬಿಗಿಯಾಗಿ ಮುಚ್ಕೊಂಡು ನಿಮ್ಮನ್ನ ಘಾಟಿ ಇಳಿಸಿ ಸೇಲಂಗೆ ತಂದು ಬಿಡ್ತಿದ್ದೆ. ಅಲ್ಲಿಗೆ ನಂಗೆ ನಿದ್ದೆ ಬಂದ್ಬಿಡೋದು. ಸೇಲಂ ಆದ್ಮೇಲಿನ ದಾರಿ ಮಾತ್ರ ನಂಗೊತ್ತಿಲ್ಲ."

ಕೋನಪ್ಪ ಅವಳ ಕಡೆ ತಿರುಗಿದ. ಕನ್ನಡಿ, ದಾರಿ, ಮೀಟರು ಎಂದು ನೆಟ್ಟಗೆ ನೋಡಿಯೇ ಅಭ್ಯಾಸವಾಗಿದ್ದ ಕತ್ತು ಅದು. ಹೆಂಡತಿಯ ಕಿವಿಯ ಹಿಂದೆ ಕೂದಲು ಪೂರಾ ಬೆಳ್ಳಗಾಗಿತ್ತು. ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ದೂರ ನೋಡುತ್ತಿದ್ದಳು. ಆ ದಾರಿಗಳಲ್ಲಿ ತನ್ನ ಪಕ್ಕದಲ್ಲಿ ಒಬ್ಬಳು ಕೂತಿದ್ದಳು, ಅದು ತನಗೆ ತಿಳಿಯದೇ ಹೋಯಿತಲ್ಲ ಎಂದು ಅವನಿಗೆ ಅನಿಸಿತು. ತನಗೆ ಗೊತ್ತಿದ್ದದ್ದನ್ನೇ ಹೇಳತೊಡಗಿದ.

"ಸೇಲಂ ಆದ್ಮೇಲೆ ನಾಮಕ್ಕಲ್ಲು. ಊರ ತುಂಬ ಲಾರಿಗಳೇ. ಊರ ಮಧ್ಯದಲ್ಲಿ ಒಂದೇ ಬಂಡೆ ಎದ್ದು ನಿಂತೈತೆ, ಅದ್ರ ಮೇಲೆ ಕೋಟೆ. ಅದಾದ್ಮೇಲೆ ಕರೂರು. ಅದಕ್ಕೆ ಮುಂಚೇನೆ ನಮ್ ಕಾವೇರೀನ ದಾಟ್ತೀವಿ. ಬೆಳಗಿನ ಜಾವ ಸೇತುವೆ ಮೇಲೆ ತಣ್ಣಗೆ ಗಾಳಿ ಬರ್ತೈತೆ, ನಿದ್ದೆ ಎಲ್ಲಾ ಹಾರೋಗ್ತೈತೆ…"

"ಹ್ಞೂಂ," ಎಂದಳು ಅವಳು, ಕಥೆ ಕೇಳುವ ಮಗುವಿನ ಹಾಗೆ.

ಅವನು ದಿಂಡಿಗಲ್ಲಿನ ಬೆಟ್ಟ ಹೇಳಿದ. ಮಧುರೆಯ ಹೊರವಲಯದಲ್ಲಿ ಮಲ್ಲಿಗೆ ಮೂಟೆ ಹೊತ್ತ ಸೈಕಲುಗಳನ್ನು ಹೇಳಿದ; ಗಾಜು ಇಳಿಸಿದರೆ ಗಾಡಿಯೆಲ್ಲ ಘಮ್ಮೆನ್ನುತ್ತಿದ್ದುದನ್ನು ಹೇಳಿದ. ಪರಮಕುಡಿ ದಾಟಿದ ಮೇಲಿನ ಜಾಲಿಗಿಡಗಳ ಬಯಲು, ರಸ್ತೆಗೆ ಅಡ್ಡ ಬರುವ ನವಿಲುಗಳು. ಆದಿಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂತೇನೋ ಎಂದು ಅವನು ನಿಲ್ಲಿಸಿದರೆ, "ಆಮೇಲೆ?" ಎನ್ನುವಳು. ಹಡಗು ತನ್ನ ಪಾಡಿಗೆ ಬಡಗಲಿಗೆ ಸಾಗುತ್ತಿತ್ತು. ಅವರಿಬ್ಬರು ತೆಂಕಲಿಗೆ ಹೋಗುತ್ತಿದ್ದರು.

"ಆಮೇಲೆ ಮಂಡಪಂ. ಆಮೇಲೆ ಪಾಂಬನ್ ಸೇತುವೆ. ಸಮುದ್ರದ ಮೇಲೇ ಕಟ್ಟವ್ರೆ. ಎರಡು ಕಡೇನೂ ನೀರು. ಗಾಡೀಲಿರೋರೆಲ್ಲ ಗೋವಿಂದಾ ಗೋವಿಂದಾ ಅಂತ ಕೂಗಿ ಕಿಟಕಿಗೆ ನುಗ್ಗೋರು."

"ಹೆಂಗೈತೆ ಅಲ್ಲಿ ನೀರು? ಕೆಳಗೆ ಏನೇನ್ ಕಾಣ್ತೈತೆ?"

ಆ ಸೇತುವೆಯ ಮೇಲೆ ಅಡ್ಡಗಾಳಿ ಗಾಡಿಯನ್ನು ತಳ್ಳುತ್ತಿತ್ತು. ಕೋನಪ್ಪ ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು ಮುಂದಿನ ಗಾಡಿಯ ಬೆನ್ನನ್ನೇ ನೋಡುತ್ತಿದ್ದ.

"ನಾನು ನೋಡಿಲ್ಲ ಕಣೇ," ಎಂದ.

ಆದಿಲಕ್ಷ್ಮಮ್ಮ ಕಣ್ಣು ಬಿಟ್ಟಳು. ಸೆರಗು ಸಿಕ್ಕಿಸಿಕೊಂಡು ಎದ್ದಳು. "ಬನ್ನಿ" ಎಂದು ಕೈ ಚಾಚಿದಳು. ಇಬ್ಬರೂ ಕಂಬಿಯ ಬಳಿ ಹೋಗಿ ಬಗ್ಗಿ ನೋಡಿದರು. ಹಡಗಿನ ಮೈಗೆ ಬಡಿದು ಒಡೆದ ನೀರು ಹಾಲಿನಂತೆ ನೊರೆಯಾಗಿ, ಮತ್ತೆ ಹಸಿರಾಗಿ, ಹಸಿರು ಕಪ್ಪಾಗಿ ಆಳಕ್ಕಿಳಿಯುತ್ತಿತ್ತು. ಬೆಳ್ಳಿಯಂಥ ಪುಟ್ಟ ಮೀನುಗಳು ನೀರಿನಿಂದ ಹಾರಿ, ಗುಬ್ಬಚ್ಚಿಗಳ ಹಾಗೆ ಒಂದಷ್ಟು ದೂರ ಗಾಳಿಯಲ್ಲಿ ತೇಲಿ, ಮತ್ತೆ ನೀರಿಗೆ ಬಿದ್ದವು.

"ಅಯ್ಯೋ, ಹಾರ್ತವೆ!" ಎಂದು ಆದಿಲಕ್ಷ್ಮಮ್ಮ ಅವನ ತೋಳು ಹಿಡಿದುಕೊಂಡಳು. ಅವು ಮತ್ತೆ ಹಾರಲಿ ಎಂದು ಇಬ್ಬರೂ ಕಾದರು. ಹಾರಿದವು. ಹರಿತಾ ಟೀ ತೆಗೆದುಕೊಂಡು ಬಂದವಳು, ಇಬ್ಬರ ಬೆನ್ನು ನೋಡಿ, ಕರೆಯದೆ ಕಪ್ಪುಗಳನ್ನು ಕುರ್ಚಿಯ ಮೇಲಿಟ್ಟು ಹಿಂದಕ್ಕೆ ಹೋದಳು. ಟೀ ಅಲ್ಲೇ ಆರಿಹೋಯಿತು.

ಮಾರನೆಯ ದಿನ ವಿಶಾಖಪಟ್ಟಣದ ಬೆಟ್ಟ ಮಂಜಿನೊಳಗಿಂದ ಮೂಡಿ ಬಂತು. ಇಳಿದು ಊರು ಸುತ್ತಿದರು. ಕಡಲ ದಂಡೆಯಲ್ಲಿ ಕೋನಪ್ಪ ಪಂಚೆ ಮೇಲೆತ್ತಿ ಮೊಣಕಾಲಿನ ತನಕ ನೀರಿನಲ್ಲಿ ನಿಂತ. ಕಾಲಡಿಯ ಮರಳನ್ನು ಅಲೆ ಎಳೆದುಕೊಂಡು ಹೋದಾಗ ಮೊಮ್ಮಗಳ ಹಾಗೆಯೇ ಕೂಗಿದ. ಸಂಜೆಗೆ ಮತ್ತೆ ಹಡಗು ಹತ್ತಿದರು. ವಾಪಸು ಬರುವಾಗ ಅವನಿಗೆ ಹೊಟ್ಟೆ ತೊಳಸಲಿಲ್ಲ.

ಊರಿಗೆ ಬಂದು, ಆಯುಧಪೂಜೆ ಮಾಡಿ, ಕುಂಬಳಕಾಯಿ ಒಡೆದು, ಎಂದಿನಂತೆ ಕೋನಪ್ಪ ಬಸ್ ಸ್ಟಾಂಡಿನ ಹತ್ತಿರ ಟೀ ಕುಡಿಯಲು ಹೋದ. ಗ್ಲಾಸು ಹಿಡಿದು ನಿಂತಿದ್ದಾಗ ಕಾಲ ಕೆಳಗಿನ ನೆಲ ಹಡಗಿನ ಹಾಗೆ ಮೆತ್ತಗೆ ಏರಿತು, ಮೆತ್ತಗೆ ಇಳಿಯಿತು. ಬೆಂಗಳೂರಿನ ಬಸ್ಸು, ಹೂವಿನ ಅಂಗಡಿ, ಎದುರಿನ ಬೇವಿನಮರ ಎಲ್ಲವೂ ಒಟ್ಟಿಗೆ ತೇಲಿದಂತಾಯಿತು. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ತೂಗಾಟ ನಿಂತುಹೋಗಬಹುದೆಂದು ಹುಷಾರಾಗಿ ಹೆಜ್ಜೆಯಿಡುತ್ತ ಮನೆಗೆ ಬಂದ.

ಆದಿಲಕ್ಷ್ಮಮ್ಮ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಒಂದು ಕೈಯಿಂದ ಗೋಡೆ ಹಿಡಿದುಕೊಂಡಿದ್ದಳು.

"ನಿಮಗೂ ತೂಗ್ತೈತಾ?" ಎಂದು ಕೇಳಿದಳು.

"ಹ್ಞೂಂ."

"ಇನ್ನೊಂದೆರಡು ದಿನ ಇರ್ಲಿ, ಬಿಡಿ," ಎಂದು ಅವಳು ಮುದ್ದೆ ಕಟ್ಟಿ ತಟ್ಟೆಗಿಟ್ಟಳು.